ಒಂದನೇ ಸದಸ್ಯನ ಮೂಳೆ ಮತ್ತು ತಮ್ಮ ಅಮೃತಶಿಲೆಯ ಫಲಕ

ಸಂಸ್ಕೃತಿ, ಸಮಾನ ಅವಕಾಶ ಮತ್ತು ಸ್ಮಶಾನ ಸೇವೆ ಎಂಬ ಮೂರು ಖಾತೆಗಳನ್ನು ಒಂದೇ ಹೆಗಲ ಮೇಲೆ ಹೊತ್ತಿರುವ ನಗರಸಭೆಯ ಮಾನ್ಯರೇ,

ಈ ಜನವರಿ ಎಂಟರಂದು ತಮ್ಮ ಕಚೇರಿಯಿಂದ ನಮ್ಮ ಸಂಘಕ್ಕೆ ಎರಡು ಪತ್ರಗಳು ಒಂದೇ ಟಪಾಲಿನಲ್ಲಿ ಬಂದವು. ದಪ್ಪನೆಯ ಕೆನೆಬಣ್ಣದ ಕಾಗದದಲ್ಲಿ ತಾವು ನಮ್ಮ ನಲವತ್ತನೆಯ ವಾರ್ಷಿಕೋತ್ಸವಕ್ಕೆ ಅಭಿನಂದನೆ ಹೇಳಿದ್ದೀರಿ. ಫೆಬ್ರವರಿ ಇಪ್ಪತ್ತೊಂದರ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ನಗರಸಭೆಯ ಕಮಾನಿನ ಕೆಳಗೆ ನಮ್ಮ ಹೆಸರಿನಲ್ಲಿ ಅಮೃತಶಿಲೆಯ ಫಲಕವೊಂದನ್ನು ಅನಾವರಣ ಮಾಡುವುದಾಗಿ ತಿಳಿಸಿದ್ದೀರಿ. ತೆಳ್ಳನೆಯ ಬೂದು ಕಾಗದದಲ್ಲಿ ಬೇರೆ ವಿಷಯ. ಸ್ಮಶಾನದ ಪೂರ್ವದ ಗೋಡೆಯಲ್ಲಿ, ಶವಪೆಟ್ಟಿಗೆ ಇಡುವ ನಾಲ್ಕನೇ ಸಾಲಿನ ಗೂಡಿನಲ್ಲಿ ಇರುವ ದೆಲ್ಮೊ ಫೆರ್ರಾಗುತಿ ಎಂಬವರ ನಲವತ್ತು ವರ್ಷದ ಬಾಡಿಗೆ ಅವಧಿ ಫೆಬ್ರವರಿ ಇಪ್ಪತ್ತೆಂಟಕ್ಕೆ ಮುಗಿಯುತ್ತದೆ. ಅದನ್ನು ನವೀಕರಿಸುವ ಹಕ್ಕುಳ್ಳ ಬಂಧುಗಳು ಯಾರೂ ಉಳಿದಿಲ್ಲ. ಆದ್ದರಿಂದ ಮೂಳೆಗಳನ್ನು ತೆಗೆದು ಸಾರ್ವಜನಿಕ ಅಸ್ಥಿಕುಂಡಕ್ಕೆ ಸೇರಿಸಲಾಗುವುದು. ಈ ಬಗ್ಗೆ ಸಂಘ ಸಲ್ಲಿಸಿದ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಎರಡು ಪತ್ರಗಳ ಕೆಳಗೂ ಒಂದೇ ಸಹಿ. ಕೊನೆಯ ಅಕ್ಷರದ ಬಾಲ ಎರಡರಲ್ಲೂ ಅದೇ ಹುರುಪಿನಿಂದ ಮೇಲಕ್ಕೆ ಹಾರಿದೆ.

ದೆಲ್ಮೊ ಫೆರ್ರಾಗುತಿ ನಮ್ಮ ಸಂಘದ ಒಂದನೇ ನಂಬರಿನ ಸದಸ್ಯರು. ಅವರು ಸತ್ತದ್ದಕ್ಕೇ ಈ ಸಂಘ ಹುಟ್ಟಿತು. ಅಂದರೆ, ಒಂದು ಶನಿವಾರ ತಾವು ಅವರ ಸಾವಿನಿಂದ ಹುಟ್ಟಿದ್ದಕ್ಕೆ ಪರದೆ ಸರಿಸಿ ಚಪ್ಪಾಳೆ ತಟ್ಟಿಸಿಕೊಳ್ಳುತ್ತೀರಿ. ಮರು ಶನಿವಾರ ತಮ್ಮ ನೌಕರರು ಅವರನ್ನು ಚೀಲಕ್ಕೆ ತುಂಬುತ್ತಾರೆ. ನಡುವಿನ ಏಳು ದಿನ ಯಾತಕ್ಕೆ ಬಿಟ್ಟಿದ್ದೀರೋ ತಿಳಿಯಲಿಲ್ಲ. ಫೋಟೋಗಳು ಪತ್ರಿಕೆಯಲ್ಲಿ ಬರಲು ಅಷ್ಟು ದಿನ ಹಿಡಿಯುತ್ತದೆಯೇ?

ಕೈತಪ್ಪು ಇರಬಹುದೆಂದು ನಾನು ತಮ್ಮ ಕಚೇರಿಗೆ ಫೋನ್ ಮಾಡಿದೆ. ತಮ್ಮ ಆಪ್ತ ಕಾರ್ಯದರ್ಶಿ ಬಹಳ ಸಭ್ಯ ಯುವಕ.

"ಮೇಡಂ, ಅವೆರಡಕ್ಕೂ ಸಂಬಂಧ ಇಲ್ಲ. ಒಂದು ಸಂಸ್ಕೃತಿ ಫೈಲು, ಇನ್ನೊಂದು ಸ್ಮಶಾನದ ಫೈಲು."

"ಸಹಿ ಒಂದೇ ಅಲ್ವೇನಪ್ಪಾ?"

"ಸಹಿ ಒಂದೇ. ಫೈಲು ಬೇರೆ."

"ಸಹಿ ಮಾಡೋವಾಗ ಅವರು ಓದ್ತಾರಾ?"

ಆತ ಸ್ವಲ್ಪ ಯೋಚಿಸಿ ಹೇಳಿದ: "ಅಭಿನಂದನೆ ಪತ್ರ ಆದ್ರೆ ಓದ್ತಾರೆ ಮೇಡಂ."

ಆ ಪ್ರಾಮಾಣಿಕತೆಗೆ ಆತನಿಗೆ ಬಡ್ತಿ ಕೊಡಿ. ತಾವು ಓದದೆ ಸಹಿ ಹಾಕಿದ ಪತ್ರ ಯಾರ ಬಗ್ಗೆ ಎಂಬುದನ್ನು ಈಗ ಊರೆಲ್ಲ ಓದುವ ಈ ಪತ್ರಿಕೆಯ ಮೂಲಕ ತಮಗೆ ಓದಿಸುವುದು ನನ್ನ ಪಾಲಿಗೆ ಬಂದಿದೆ.

ನಮ್ಮೂರಲ್ಲಿ ಯಾರಾದರೂ ಸತ್ತರೆ ಅದನ್ನು ಗೋಡೆ ಹೇಳುತ್ತದೆ. ಕಪ್ಪು ಅಂಚಿನ ಪೋಸ್ಟರು. ಹೆಸರು, ವಯಸ್ಸು, ಕೆಳಗೆ ದುಃಖಿಸುವವರ ಪಟ್ಟಿ. ಮಾರನೆಯ ದಿನ ಅದರ ಪಕ್ಕ ಚಿಕ್ಕ ಪೋಸ್ಟರುಗಳು ಏಳುತ್ತವೆ: ಜೊತೆಯಲ್ಲಿ ದುಡಿದವರದು, ಅದೇ ಕಟ್ಟಡದ ನಿವಾಸಿಗಳದು. ಬೆಳಿಗ್ಗೆ ಬ್ರೆಡ್ ತರಲು ಹೊರಟವರು ಗೋಡೆಯ ಮುಂದೆ ಸೈಕಲ್ ನಿಲ್ಲಿಸಿ, ಯಾರ ಹೆಸರು ಇದೆ, ಯಾರದು ಇಲ್ಲ ಎಂದು ಓದಿಯೇ ಮುಂದೆ ಹೋಗುತ್ತಾರೆ. ಯಾರು ಯಾರಿಗೆ ಏನಾಗಬೇಕೆಂದು ಈ ಊರು ಕಲಿಯುವುದು ಆ ಗೋಡೆಯಿಂದ. ತಾವೂ ಅಲ್ಲೇ ಕಲಿತಿರುತ್ತೀರಿ.

ಸಾವಿರದ ಒಂಬೈನೂರ ಎಂಬತ್ತಾರರ ಫೆಬ್ರವರಿ ಹತ್ತೊಂಬತ್ತು, ಬುಧವಾರ. ಮೂರನೇ ನಂಬರಿನ ಬಸ್ಸಿನ ಚಾಲಕರಾಗಿದ್ದ ದೆಲ್ಮೊ, ನಲವತ್ತೇಳು ವರ್ಷ, ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಸತ್ತರು. ಹೃದಯ ಎಂದು ವೈದ್ಯರು ಬರೆದರು. ಊರು ಅದನ್ನು ಬೇರೆ ರೀತಿಯಲ್ಲಿ ಓದಿತು. ಆ ವರ್ಷಗಳಲ್ಲಿ ಮದುವೆಯಾಗದ ಗಂಡಸು ನೆಗಡಿಯಾಗಿ ಸತ್ತರೂ ಊರು ಏಡ್ಸ್ ಎಂದೇ ಓದುತ್ತಿತ್ತು. ಗುರುವಾರ ಬೆಳಿಗ್ಗೆ ಮನೆಯವರ ಪೋಸ್ಟರು ಬಂತು: ತಾಯಿ, ತಂಗಿ ಎರ್ಸಿಲಿಯಾ, ಸಕಲ ಬಂಧುಗಳು. ಪಕ್ಕದಲ್ಲಿ ಬಸ್ ಚಾಲಕರದು. ಅದರ ಪಕ್ಕದಲ್ಲಿ ಅವರು ಭಾನುವಾರ ಗುಂಡು ಉರುಳಿಸಿ ಬೋಚೆ ಆಡುತ್ತಿದ್ದ ಕ್ಲಬ್ಬಿನದು. ಕೆಳಗೆ, ದೆಲ್ಮೊ ಕಾಫಿ ಕುಡಿಯುತ್ತಿದ್ದ ಬಾರಿನ ಗಿರಾಕಿಗಳದು. ಬೆಳಗಿನ ಎರಡು ಗುಟುಕು ಕಾಫಿಯ ಪರಿಚಯಕ್ಕೂ ಗೋಡೆಯ ಮೇಲೆ ಅಳುವ ಹಕ್ಕಿತ್ತು.

ಒತ್ತೋರಿನೊ ಬೊಲ್ಜೋನಿ ಎಂಬ ದರ್ಜಿ ಆ ಗೋಡೆಯನ್ನು ಮೇಲಿನಿಂದ ಕೆಳಗೆ ಓದಿದರು. ಹತ್ತೊಂಬತ್ತು ವರ್ಷ ದೆಲ್ಮೊ ಅವರ ಜೊತೆ ಒಂದೇ ಮನೆ, ಒಂದೇ ಒಲೆ, ಒಂದೇ ಹಾಸಿಗೆ. ದೆಲ್ಮೊ ಅವರ ಬಸ್ ಕೋಟಿನ ಪ್ರತಿ ಗುಂಡಿಯನ್ನೂ ಹೊಲಿದವರು ಅವರು. ಅವರ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಅವರು ನೇರ ಚೌಕದ ಮುದ್ರಣಾಲಯಕ್ಕೆ ಹೋಗಿ, ಅದನ್ನು ನಡೆಸುತ್ತಿದ್ದ ವಿಧವೆ ಇಯೋಲೆಗೆ ಒಂದು ಚೀಟಿ ಕೊಟ್ಟರು: "ಹತ್ತೊಂಬತ್ತು ವರ್ಷ ಜೊತೆಯಲ್ಲಿ ಬದುಕಿದ ಒತ್ತೋರಿನೊ, ತನ್ನ ದೆಲ್ಮೊನನ್ನು ಕಳೆದುಕೊಂಡಿದ್ದಾನೆ." ಇಯೋಲೆ ಏನೂ ಕೇಳದೆ ಅಕ್ಷರ ಜೋಡಿಸಿದಳು. ಆದರೆ ಪೋಸ್ಟರಿಗೆ ನಗರಸಭೆಯ ಮೊಹರು ಬೇಕಿತ್ತು. ಈಗ ತಮ್ಮ ಸ್ಮಶಾನ ವಿಭಾಗ ಇರುವ ಕೋಣೆಯೇ ಅಂದಿನ ಪೋಸ್ಟರ್ ಕಚೇರಿ. ಕೌಂಟರ್ ಅದೇ, ಗಾಜು ಮಾತ್ರ ಹೊಸದು.

"ನೀವು ಸತ್ತವರಿಗೆ ಏನಾಗ್ಬೇಕು?" ಎಂದ ಗುಮಾಸ್ತ.

"ಜೊತೆಗಾರ."

"ಎಲ್ಲಿ? ಬಸ್ಸಿನಲ್ಲಾ, ಬೋಚೆಯಲ್ಲಾ?"

"ಮನೇಲಿ."

"ಮನೇಲಿ ಅಂತ ಫಾರಂನಲ್ಲಿ ಜಾಗ ಇಲ್ಲ ಸ್ವಾಮಿ. ಒಬ್ರೇ ಹಾಕೋದಾದ್ರೆ ಮನೆಯವರ ಒಪ್ಪಿಗೆ ತನ್ನಿ. ಇಲ್ಲ, ಸಂಘ ಸಂಸ್ಥೆ ಅಂತಿದ್ರೆ ತಮ್ಮ ಸದಸ್ಯರಿಗೆ ಹಾಕ್ಬಹುದು. ಹನ್ನೆರಡೂವರೆಗೆ ಬಾಗಿಲು ಹಾಕ್ತೀವಿ."

ಗಡಿಯಾರದಲ್ಲಿ ಹನ್ನೆರಡಾಗಿತ್ತು. ಒತ್ತೋರಿನೊ ಮುದ್ರಣಾಲಯಕ್ಕೆ ಮರಳಿ ಅದನ್ನು ಹೇಳಿ, ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಆಗ ಇಯೋಲೆ ಹೇಳಿದ ಮಾತನ್ನು ನಮ್ಮಲ್ಲಿ ಹೊಸದಾಗಿ ಸೇರಿದವರಿಗೆಲ್ಲ ಇಂದಿಗೂ ಹೇಳುತ್ತೇವೆ.

"ಅಯ್ಯೋ, ಸಂಘಕ್ಕೇನ್ ಬೇಕ್ರೀ? ಒಂದು ನಿಯಮಾವಳಿ, ಒಂದು ರಬ್ಬರ್ ಮೊಹರು, ಏಳು ಜನ ಕೆಲಸವಿಲ್ಲದವರು. ಮೊಹರು ನಾನ್ ಮಾಡ್ತೀನಿ. ಜನಾನ ನೀವ್ ಕರ್ಕೊಂಡ್ಬನ್ನಿ."

ಎದುರಿನ ಬಾರಿನಿಂದ ನಾಲ್ವರು ಬಂದರು. ಪಕ್ಕದ ಕ್ಷೌರದಂಗಡಿಯಿಂದ ವಾಂದಾ ಬಂದಳು, ಒಬ್ಬರ ತಲೆಯನ್ನು ಅರ್ಧಕ್ಕೆ ಬಿಟ್ಟು. ಅಧ್ಯಕ್ಷರು ಯಾರೆಂದು ಕೇಳಿದಾಗ ವಾಂದಾ, "ನನ್ನ ಹಾಕ್ಬೇಡಿ ಮತ್ತೆ! ನನ್ನ ಗುರುತಿನ ಚೀಟೀಲಿ ನಾನಿನ್ನೂ ಗಂಡ್ಸು, ಮೀಸೆ ಬೇರೆ ಇದೆ, ಗುಮಾಸ್ತ ನೋಡಿ ಹೆದರ್ಕೊಂಡಾನು" ಎಂದಳಂತೆ. ಇಯೋಲೆಯ ಬಳಿ ಬೋಚೆ ಕ್ಲಬ್ಬಿನ ನಿಯಮಾವಳಿಯ ಅಚ್ಚು ಸಿದ್ಧವಿತ್ತು. ಅದರಲ್ಲಿ ಕ್ಲಬ್ಬಿನ ಹೆಸರು ಇದ್ದ ಕಡೆಯೆಲ್ಲ ಬದಲಿಸುತ್ತ ಹೋದಳು. ಯಾವ ಹೆಸರು ಎಂದು ಕೇಳಿದಾಗ ಒಬ್ಬ, "ಬೇಗ ಹೇಳ್ರಪ್ಪಾ, ಇರೋದು ಅರ್ಧ ಗಂಟೆ" ಎಂದ. ಅದೇ ಹೆಸರಾಯಿತು: ಅರ್ಧ ಗಂಟೆ ಸಂಘ. ಅವಸರದಲ್ಲಿ ನಾಲ್ಕನೇ ಕಲಮನ್ನು ತಿದ್ದುವುದು ಮರೆತುಹೋಯಿತು. ಈ ಪ್ರಾಂತ್ಯದ ಸಲಿಂಗಪ್ರೇಮಿಗಳ ಹಕ್ಕಿಗಾಗಿ ಹೋರಾಡುವ ಸಂಘದ ಸದಸ್ಯರು "ಆಟದ ಅಂಗಳವನ್ನು ಸಮತಟ್ಟಾಗಿಯೂ ಕಳೆಯಿಲ್ಲದಂತೆಯೂ ಇಟ್ಟುಕೊಳ್ಳತಕ್ಕದ್ದು" ಎಂದು ಇವತ್ತಿಗೂ ನಮ್ಮ ನಿಯಮಾವಳಿ ಹೇಳುತ್ತದೆ. ಅದನ್ನು ತೆಗೆಯಲು ಮೂರು ಸಲ ಸಭೆ ಕರೆದೆವು. ಮೂರು ಸಲವೂ ಬಹುಮತ ಬೇಡವೆಂದಿತು.

ಹನ್ನೆರಡೂ ಇಪ್ಪತ್ತಕ್ಕೆ ಒತ್ತೋರಿನೊ ಮತ್ತೆ ಕೌಂಟರಿನ ಮುಂದೆ ನಿಂತರು.

"ಸಂಘ ಸರಿ. ಸತ್ತವರು ಸದಸ್ಯರಾ?"

ಅದು ಯಾರಿಗೂ ಹೊಳೆದಿರಲಿಲ್ಲ. ಅವರು ಚೌಕ ದಾಟಿ ಓಡಿದರು. ಇಯೋಲೆ ರಟ್ಟಿನ ತುಂಡೊಂದನ್ನು ಕತ್ತರಿಸಿ, ನಂಬರ್ ಒಂದು ಎಂದು ಬರೆದು, ದೆಲ್ಮೊ ಫೆರ್ರಾಗುತಿ ಹೆಸರು ಹಾಕಿ, ಇನ್ನೂ ಶಾಯಿ ಆರದ ಮೊಹರು ಒತ್ತಿದಳು. ಹನ್ನೆರಡೂ ಇಪ್ಪತ್ತೆಂಟಕ್ಕೆ ಗುಮಾಸ್ತ ಪೋಸ್ಟರಿಗೆ ಮೊಹರು ಹಾಕಿದ. ಅವನು ಆ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದನಂತೆ, ಹೆಬ್ಬೆರಳಿಗೆ ಶಾಯಿ ಅಂಟಿತಂತೆ, ಅದನ್ನು ಕರವಸ್ತ್ರಕ್ಕೆ ಒರೆಸಿಕೊಂಡನಂತೆ. ನಲವತ್ತು ವರ್ಷದಲ್ಲಿ ಈ ನಗರಸಭೆಯಿಂದ ನಮಗೆ ಸಿಕ್ಕ ಅಪ್ಪುಗೆ ಎಂದರೆ ಆ ಮನುಷ್ಯನ ಕರವಸ್ತ್ರ. ಅವನ ಹೆಸರೂ ನಮಗೆ ಗೊತ್ತಿಲ್ಲ. ತಮ್ಮ ಫಲಕದಲ್ಲಿ ಜಾಗವಿದ್ದರೆ ಅವನ ಬಗ್ಗೆ ಒಂದು ಸಾಲು ಕೆತ್ತಿಸಿ.

ಮಧ್ಯಾಹ್ನ ಮೂರರ ಹೊತ್ತಿಗೆ ಯಾರೋ ದೊಡ್ಡವರ ಫೋನು ಬಂದು, ಅದೇ ಕಚೇರಿಯವರು ಬಕೆಟ್ಟು ಕುಂಚ ಹಿಡಿದು ಹೊರಟು, ನಮ್ಮ ಪೋಸ್ಟರುಗಳ ಮೇಲೆಲ್ಲ ಸರ್ಕಸ್ಸಿನ ಜಾಹೀರಾತು ಅಂಟಿಸಿದರು. ಮಾರನೆಯ ದಿನ ದೆಲ್ಮೊ ಅವರ ಶವಯಾತ್ರೆ ಚೌಕದಲ್ಲಿ ಹಾದುಹೋಗುವಾಗ ಗೋಡೆಯ ತುಂಬ ಆನೆಗಳಿದ್ದವು. ಒತ್ತೋರಿನೊ ಬಸ್ ಚಾಲಕರ ಸಾಲಿನಲ್ಲಿ, ಯಾರದೋ ಟೋಪಿ ಹಾಕಿಕೊಂಡು ನಡೆದರು.

ಈಗ ತಮ್ಮ ಫಲಕದ ಬರಹಕ್ಕೆ ಬರೋಣ. "ತನ್ನ ಎಲ್ಲ ಮಕ್ಕಳನ್ನೂ ಸದಾ ಅಪ್ಪಿಕೊಂಡು ಬಂದಿರುವ ನಗರವು, ಅರ್ಧ ಗಂಟೆ ಸಂಘಕ್ಕೆ ಕೃತಜ್ಞತೆಯಿಂದ." ನಾನು ಕವಿತೆ ಓದುವವಳು, ಸ್ನಾತಕೋತ್ತರ ಪದವಿಗೂ ಅದನ್ನೇ ಓದಿದೆ, ಒಂದೊಂದು ಪದದ ಮುಂದೆ ನಿಲ್ಲುವುದು ಅಭ್ಯಾಸವಾಗಿಬಿಟ್ಟಿದೆ. "ಸದಾ" ಎಂಬ ಪದದ ಮುಂದೆ ಬಹಳ ಹೊತ್ತು ನಿಂತೆ. ತೊಂಬತ್ತೊಂದರಲ್ಲಿ ನಾವು ಸಭೆಗೆಂದು ನಗರಸಭೆಯ ಒಂದು ಕೋಣೆ ಕೇಳಿದಾಗ, ಅದು ಕ್ಯಾನರಿ ಹಕ್ಕಿ ಸಾಕುವವರ ಸಂಘಕ್ಕೆ ಬೇಕೆಂದು ಉತ್ತರ ಬಂತು. ಹಕ್ಕಿಗಳಿಗೆ ಗಾಳಿ ಬೆಳಕು ಮುಖ್ಯವಂತೆ. ಆ "ಸದಾ" ಒಳಗೆ ಅದೂ ಸೇರಿದೆಯೇ? ಎರಡು ಸಾವಿರದ ನಾಲ್ಕರಲ್ಲಿ ನಮ್ಮ ಬ್ಯಾನರನ್ನು ಚೌಕದಿಂದ ಇಳಿಸಿದ್ದು ಗಾಳಿ ಜೋರಾಗಿದ್ದರಿಂದ ಎಂದು ಅಂದಿನ ಹೇಳಿಕೆ. ಪಕ್ಕದ ಹಂದಿಮಾಂಸದ ಸಂತೆಯ ಬ್ಯಾನರಿಗೆ ಆ ಗಾಳಿ ತಾಗಲಿಲ್ಲ. ಎರಡು ಸಾವಿರದ ಹದಿನಾರರಲ್ಲಿ ನಮ್ಮಂಥವರ ಸಂಗಾತವನ್ನು ದೇಶದ ಕಾನೂನೇ ಒಪ್ಪಿದ ಮೇಲೆ, ನಮ್ಮ ಮೊದಲ ಜೋಡಿಗೆ ತಾವು ಕೊಟ್ಟ ಸಮಯ ಮಂಗಳವಾರ ಬೆಳಿಗ್ಗೆ ಎಂಟೂಕಾಲು, ಸ್ಥಳ ನೋಂದಣಿ ಕಚೇರಿಯ ಫೋಟೋಕಾಪಿ ಯಂತ್ರದ ಕೋಣೆ. ಹಾಗೆ ಅಪ್ಪಿಕೊಂಡವರ ತೋಳಿನಿಂದ ಬಿಡಿಸಿಕೊಳ್ಳುವುದರಲ್ಲೇ ನಮ್ಮ ನಲವತ್ತು ವರ್ಷ ಕಳೆದಿದೆ, ಮಾನ್ಯರೇ. ತಾವು ಅದನ್ನು ಪ್ರೀತಿ ಎಂದುಕೊಂಡಿದ್ದರೆ ತಮ್ಮ ತಪ್ಪಲ್ಲ; ದೂರದಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತದೆ.

ನಾನು ಸಂಘದ ಮೆಟ್ಟಿಲು ಹತ್ತಿದ್ದು ತೊಂಬತ್ತೇಳರಲ್ಲಿ, ಇಪ್ಪತ್ತು ವರ್ಷದವಳಿದ್ದಾಗ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ. ಕೆಳಗಿನ ಗ್ರೀಸಿನ ವಾಸನೆ ಮೇಲಕ್ಕೂ ಬರುತ್ತಿತ್ತು. ಮೂರು ಗುರುವಾರ ಬಂದು, ಮೂರು ಸಲವೂ ಟೈರಿಗೆ ಗಾಳಿ ಹಾಕಿಸಿಕೊಂಡು ಹಿಂದಿರುಗಿದ್ದೆ. ನಾಲ್ಕನೇ ಸಲ ಮೇಲಿನಿಂದ ಒತ್ತೋರಿನೊ ಕೂಗಿ ಹೇಳಿದರು: "ಹುಡುಗೀ, ಇನ್ನೂ ಗಾಳಿ ಹಾಕಿಸಿದ್ರೆ ಟೈರ್ ಒಡೆಯುತ್ತೆ. ಮೇಲೆ ಬಾ." ಹೋದೆ. ಅವರು ನನ್ನ ಹೆಸರು ಕೇಳಲಿಲ್ಲ, ಕೋಟಿನ ಭುಜ ಹಿಡಿದು, "ಇದು ನಿಂದಲ್ಲ, ಅಣ್ಣಂದು. ತೋಳು ಎರಡು ಬೆರಳು ಜಾಸ್ತಿ. ಬಿಚ್ಚು, ಸರಿ ಮಾಡ್ಕೊಡ್ತೀನಿ" ಎಂದರು. ಅವರು ಹೊಲಿಯುತ್ತ ಕುಳಿತ ಆ ಒಂದು ಗಂಟೆಯಲ್ಲಿ ನಾನು ನನ್ನಮ್ಮನಿಗೂ ಹೇಳದ್ದನ್ನೆಲ್ಲ ಹೇಳಿದೆ. ಅವರು ತಲೆಯೆತ್ತಿ ನೋಡಿದ್ದು ಒಂದೇ ಸಲ, ದಾರ ಕಚ್ಚಿ ತುಂಡು ಮಾಡುವಾಗ. "ಇಷ್ಟೇನಾ? ನಾನೇನೋ ಬ್ಯಾಂಕ್ ದರೋಡೆ ಮಾಡಿದ್ದೀಯ ಅಂದ್ಕೊಂಡೆ" ಎಂದರು. ಹೀಗೆ ಆ ಕೋಣೆಯಲ್ಲಿ ಎಷ್ಟು ಜನರ ತೋಳು ಗಿಡ್ಡವಾಯಿತು, ಎಷ್ಟು ಜನರ ಬಾಯಿ ಬಿಚ್ಚಿತು ಎಂಬುದನ್ನು ಯಾವ ಫಲಕವೂ ಹೇಳುವುದಿಲ್ಲ. ಹೇಳದಿರುವುದೇ ಒಳ್ಳೆಯದು.

ಇಷ್ಟೆಲ್ಲ ಕಾಲದಲ್ಲೂ ಅವರು ಪ್ರತಿ ಗುರುವಾರ ಬೆಳಿಗ್ಗೆ ಸ್ಮಶಾನಕ್ಕೆ ಹೋಗುತ್ತಿದ್ದರು. ಗುರುವಾರ ದೆಲ್ಮೊ ಅವರ ವಾರದ ರಜೆಯ ದಿನವಾಗಿತ್ತು. ನಾಲ್ಕನೇ ಸಾಲು ಎತ್ತರ. ಚಕ್ರವಿರುವ ಕಬ್ಬಿಣದ ಏಣಿ ತಳ್ಳಿಕೊಂಡು ಬಂದು, ಒಂಬತ್ತು ಮೆಟ್ಟಿಲು ಹತ್ತಿ, ಕಲ್ಲನ್ನು ಒರೆಸಿ, ಹೂ ಬದಲಿಸಿ ಇಳಿಯುತ್ತಾರೆ. ಈಗ ಅವರಿಗೆ ಎಂಬತ್ತನಾಲ್ಕು. ದೆಲ್ಮೊ ಅವರ ತಾಯಿ ಹೋಗಿ ಬಹಳ ಕಾಲವಾಯಿತು. ತಂಗಿ ಎರ್ಸಿಲಿಯಾ ಮದುವೆ ಮಕ್ಕಳಿಲ್ಲದೆ ಎರಡು ಸಾವಿರದ ಒಂಬತ್ತರಲ್ಲಿ ತೀರಿಕೊಂಡಳು. ಕೊನೆಯ ವರ್ಷಗಳಲ್ಲಿ ಒತ್ತೋರಿನೊ ಮೇಲೆ ಹತ್ತುವಾಗ ಕೆಳಗೆ ಏಣಿ ಹಿಡಿದು ನಿಲ್ಲುತ್ತಿದ್ದವಳು ಅವಳೇ.

ಕಳೆದ ಅಕ್ಟೋಬರಿನ ಕೊನೆಯಲ್ಲಿ, ಸತ್ತವರ ಹಬ್ಬಕ್ಕೆ ಊರೆಲ್ಲ ಸೇವಂತಿಗೆ ಹಿಡಿದು ಸ್ಮಶಾನಕ್ಕೆ ಬರುವ ಮುಂಚೆ, ತಮ್ಮ ವಿಭಾಗದವರು ಗೂಡಿನ ಕಲ್ಲಿನ ಮೇಲೆ ಕಿತ್ತಳೆ ಬಣ್ಣದ ಚೀಟಿಯೊಂದನ್ನು ಅಂಟಿಸಿದರು: "ಅವಧಿ ಮುಗಿಯುತ್ತಿದೆ. ಬಂಧುಗಳು ದಯವಿಟ್ಟು ಕಚೇರಿಯನ್ನು ಸಂಪರ್ಕಿಸಬೇಕು." ಅದನ್ನು ಓದಿ ಒತ್ತೋರಿನೊ ಏನು ಮಾಡಿದರು ಗೊತ್ತೇ? ಮನೆಗೆ ಹೋಗಿ ಸೂಟು ಹಾಕಿಕೊಂಡರು. ಸಂಘಕ್ಕೆ ಬಂದು ನನ್ನ ಮುಂದೆ ನಿಂತು, "ನೋಡೇ, ನನ್ನ ಕರೆದಿದ್ದಾರೆ" ಎಂದರು. ಯಾರು ಎಂದೆ. "ಕಚೇರಿಯವರು. ಬಂಧುಗಳು ಬರ್ಬೇಕು ಅಂತ ಬರೆದಿದ್ದಾರೆ." ಆ ಮುಖವನ್ನು ನಾನು ಹಿಂದೆಂದೂ ನೋಡಿರಲಿಲ್ಲ. ನಲವತ್ತು ವರ್ಷ ಗೋಡೆಯ ಮೇಲೆ ತನ್ನ ಹೆಸರು ಇಲ್ಲದ ಮನುಷ್ಯ, ಒಂದು ಅಂಟುಚೀಟಿಯನ್ನು ತನಗೆ ಬಂದ ಆಮಂತ್ರಣವೆಂದುಕೊಂಡಿದ್ದರು. ನಾನು ಅವರನ್ನು ತಡೆಯಬೇಕಿತ್ತು. ತಡೆಯಲಿಲ್ಲ, ಜೊತೆಗೆ ಹೋದೆ.

ಕೌಂಟರಿನ ಹೊಸ ಗಾಜಿನ ಹಿಂದಿದ್ದ ಹೆಂಗಸು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದಳು: "ಎಷ್ಟನೇ ದರ್ಜೆಯ ಸಂಬಂಧ ಅಜ್ಜಾ?"

"ದರ್ಜೆ ಅಂದ್ರೆ?"

"ಅಣ್ಣ ತಮ್ಮ ಅಂದ್ರೆ ಎರಡು, ಸೋದರಳಿಯ ಅಂದ್ರೆ ಮೂರು, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಂದ್ರೆ ನಾಲ್ಕು. ಆರರ ತನಕ ಆಗುತ್ತೆ."

ಒತ್ತೋರಿನೊ ಸ್ವಲ್ಪ ಲೆಕ್ಕ ಹಾಕುವವರಂತೆ ನಿಂತು ಹೇಳಿದರು: "ಅಷ್ಟು ದೂರದವನಲ್ಲಮ್ಮ ನಾನು."

ಅವಳು ಆಗ ತಲೆಯೆತ್ತಿದಳು. ಅವಳಿಗೆ ಅರ್ಥವಾಯಿತು ಎಂದು ನನಗನ್ನಿಸಿತು. ಆದರೆ ಪರದೆಯ ಮೇಲೆ ಒತ್ತಲು ಗುಂಡಿ ಇರಲಿಲ್ಲ. "ಮದುವೆ ಆಗಿತ್ತಾ?" ಎಂದು ಮೆಲ್ಲಗೆ ಕೇಳಿದಳು. "ಕಾನೂನು ಬಂದಾಗ ಅವನು ಸತ್ತು ಮೂವತ್ತು ವರ್ಷ ಆಗಿತ್ತಮ್ಮ. ಮದುವೆಗೆ ಇಬ್ರೂ ನಿಂತ್ಕೋಬೇಕಂತೆ" ಎಂದರು ಇವರು. ದೂರದ ಅಣ್ಣತಮ್ಮಂದಿರ ಮರಿಮಕ್ಕಳು, ಒಮ್ಮೆಯೂ ಆ ಮುಖ ನೋಡದವರು, ಬೇರೆ ಖಂಡದಿಂದ ಒಂದು ಕಾಗದ ಬರೆದರೆ ಸಾಕಿತ್ತು. ಎರಡು ಸಾವಿರಕ್ಕೂ ಹೆಚ್ಚು ಗುರುವಾರಗಳು ಸಾಲಲಿಲ್ಲ.

ಮುಂದೆ ನಡೆದದ್ದಕ್ಕೆ ಹೊಣೆ ನಾನು. ಸ್ಮಶಾನದ ನಿಯಮಾವಳಿಯನ್ನು ಆದ್ಯಂತ ಓದಿದೆ. ಹಳೆಯ ಧರ್ಮಸಂಘಗಳಿಗಾಗಿ ಬರೆದ ಒಂದು ಕಲಮು ಸಿಕ್ಕಿತು: ಬಂಧುಗಳಿಲ್ಲದಿದ್ದರೆ, ಮೃತರು ಬದುಕಿದ್ದಾಗ ಸದಸ್ಯರಾಗಿದ್ದ ಸಂಘವು ಗೂಡಿನ ಅವಧಿಯನ್ನು ತನ್ನ ಹೆಸರಿನಲ್ಲಿ ನವೀಕರಿಸಬಹುದು. ಸಂಘದ ಕಪಾಟಿನಲ್ಲಿ ಒಂದನೇ ನಂಬರಿನ ರಟ್ಟಿನ ಚೀಟಿ ಇದೆ. ಅರ್ಜಿ ಹಾಕಿದೆವು. ಶುಲ್ಕ ಎಷ್ಟಾದರೂ ಕೊಡುವುದಾಗಿ ಬರೆದೆವು. ಮತ್ತು, ತಾವು ವಾರ್ಷಿಕೋತ್ಸವಕ್ಕೆಂದು ಆಸೆಯಿಂದ ಕೇಳಿದಿರಲ್ಲ, ನಾನು ಎರಡು ವರ್ಷ ಕೂತು ಬರೆದ ಸಂಘದ ಇತಿಹಾಸದ ಪುಟ್ಟ ಪುಸ್ತಕ, ಅದರ ಒಂದು ಪ್ರತಿಯನ್ನೂ ಅರ್ಜಿಯ ಜೊತೆ ಇಟ್ಟೆ. ಹೆಮ್ಮೆಯಿಂದ ಇಟ್ಟೆ.

ತಮ್ಮ ಬೂದು ಪತ್ರ ಹೇಳುತ್ತದೆ: "ತಾವೇ ಪ್ರಕಟಿಸಿದ ಪುಸ್ತಕದ ಹನ್ನೊಂದನೇ ಪುಟದಿಂದ ತಿಳಿದುಬರುವಂತೆ, ಮೃತರನ್ನು ಮರಣಾನಂತರ ಸದಸ್ಯರೆಂದು ದಾಖಲಿಸಲಾಗಿದ್ದು, ಅವರು ಬದುಕಿದ್ದಾಗ ಸದಸ್ಯರಾಗಿರಲಿಲ್ಲ."

ಅಭಿನಂದನೆಗಳು. ನನ್ನ ಪುಸ್ತಕವನ್ನು ಈ ಊರಿನಲ್ಲಿ ಇಷ್ಟು ಗಮನವಿಟ್ಟು ಓದಿದ್ದು ತಮ್ಮ ಸ್ಮಶಾನ ವಿಭಾಗ ಮಾತ್ರ. ಸಂಸ್ಕೃತಿ ವಿಭಾಗ ಓದಿದ್ದರೆ ಆ "ಸದಾ" ಪದ ಫಲಕಕ್ಕೆ ಬರುತ್ತಿರಲಿಲ್ಲ. ಮೇಲಾಗಿ ಡಿಸೆಂಬರಿನ ಪತ್ರಿಕಾಗೋಷ್ಠಿಯಲ್ಲಿ ತಾವು, "ಅರ್ಧ ಗಂಟೆ ಎಂಬುದು ನ್ಯಾಯದ ಪೂರ್ಣ ಗಂಟೆಗಾಗಿ ಕಾಯುವ ಮಾನವಕುಲದ ರೂಪಕ" ಎಂದು ಹೇಳುತ್ತಿರಲಿಲ್ಲ. ಅದು ತಮ್ಮ ಗುಮಾಸ್ತನ ಊಟದ ಸಮಯ, ಮಾನ್ಯರೇ.

ಹೌದು, ದೆಲ್ಮೊ ಬದುಕಿದ್ದಾಗ ನಮ್ಮ ಸದಸ್ಯರಾಗಿರಲಿಲ್ಲ. ಹೇಗೆ ಆಗಬೇಕಿತ್ತು? ಅವರು ಬದುಕಿದ್ದಾಗ ಸಂಘವೇ ಇರಲಿಲ್ಲ. ಸಂಘ ಹುಟ್ಟಿದ್ದು ತಮ್ಮ ಕೌಂಟರಿನಲ್ಲಿ, ತಮ್ಮ ನಿಯಮದ ಹೊಡೆತಕ್ಕೆ, ಅವರು ಸತ್ತಿದ್ದರಿಂದಲೇ. ಬಾಗಿಲು ಮುಚ್ಚಿದವರೇ, ಒಳಗೆ ಬರಲಿಲ್ಲವೆಂದು ಗೈರುಹಾಜರಿ ಹಾಕುವುದು ಯಾವ ನ್ಯಾಯ? ಇನ್ನು ಸತ್ತವರನ್ನು ದಾಖಲಿಸಿಕೊಳ್ಳುವುದು ಅಕ್ರಮವೆಂದಾದರೆ, ಕಳೆದ ವಸಂತದಲ್ಲಿ ತಾವು ಇನ್ನೂರು ವರ್ಷದ ಹಿಂದೆ ಸತ್ತ ಪಿಟೀಲು ವಾದಕರೊಬ್ಬರಿಗೆ ಗೌರವ ಪೌರತ್ವ ಕೊಟ್ಟಿರಲ್ಲ, ಅದು ಏನು? ಅವರು ಬದುಕಿದ್ದಾಗ ನಮ್ಮೂರಲ್ಲಿ ಕಳೆದದ್ದು ಒಂದು ರಾತ್ರಿ. ಅದೂ, ಹಾಸಿಗೆಯಲ್ಲಿ ತಿಗಣೆ ಇತ್ತೆಂದು ಬೈದು ಪತ್ರ ಬರೆದಿಟ್ಟಿದ್ದಾರೆ. ತಿಗಣೆ ಕಚ್ಚಿಸಿಕೊಂಡ ಒಂದು ರಾತ್ರಿಗೆ ಪೌರತ್ವ. ಇಪ್ಪತ್ತೆರಡು ವರ್ಷ ಈ ಊರಿನ ಮಂಜಿನಲ್ಲಿ ಈ ಊರಿನವರನ್ನು ಬಸ್ಸಿನಲ್ಲಿ ಹೊತ್ತು ತಿರುಗಿದವನಿಗೆ ಚೀಲ. ಸತ್ತವರಲ್ಲೂ ತಮಗೆ ಇಷ್ಟವಾಗುವುದು ಬಂಧುಗಳು, ಗೂಡು, ಗುರುವಾರ ಯಾವುದೂ ಇಲ್ಲದ, ಯಾರಿಗೂ ತೊಂದರೆ ಕೊಡದ ಸತ್ತವರು. ನಮ್ಮ ಸಂಘವನ್ನೂ ತಾವು ಅದೇ ಸಾಲಿಗೆ ಸೇರಿಸಲು ಅಮೃತಶಿಲೆ ಕೊರೆಸುತ್ತಿದ್ದೀರಿ ಎಂದು ಈಗ ಅರ್ಥವಾಗುತ್ತಿದೆ.

ಆ ಪತ್ರವನ್ನು ಒತ್ತೋರಿನೊಗೆ ನಾನೇ ಓದಿ ಹೇಳಬೇಕಾಯಿತು. ಹನ್ನೊಂದನೇ ಪುಟ ಎಂಬಲ್ಲಿ ಅತ್ತುಬಿಟ್ಟೆ. ಆ ಕತೆಯನ್ನು ಬರೆಯದೆ ಬಿಟ್ಟಿದ್ದರೆ, "ಸ್ಥಾಪಕ ಸದಸ್ಯರು" ಎಂದಷ್ಟೇ ಹೇಳಿ ಮುಂದೆ ಹೋಗಿದ್ದರೆ, ಯಾರಿಗೂ ತಿಳಿಯುತ್ತಿರಲಿಲ್ಲ. ಚೆಂದದ ಕತೆ ಎಂಬ ಆಸೆಗೆ ಬರೆದೆ. ಓದಿದವರು ನಗಲಿ, ಆಮೇಲೆ ಕಣ್ಣೊರೆಸಿಕೊಳ್ಳಲಿ ಎಂದು ಬರೆದೆ ಎಂದು ಅವರ ಮುಂದೆ ಒಪ್ಪಿಕೊಂಡೆ.

"ಸುಳ್ಳು ಬರೆದಿದ್ಯಾ?" ಎಂದರು.

"ಇಲ್ಲ."

"ಮತ್ತೆ ಯಾಕೆ ಅಳ್ತೀಯಾ? ಅವನ ಬಗ್ಗೆ ಒಂದ್ಸಲನಾದ್ರೂ ನಿಜ ಅಚ್ಚಾಯ್ತಲ್ಲ. ಅದರ ಮೇಲೆ ಆನೆ ಅಂಟಿಸೋಕ್ಕಾಗಲ್ಲ." ಆಮೇಲೆ ಕೇಳಿದರು: "ಆ ಕುಂಡ ಎಷ್ಟು ಆಳ ಇರುತ್ತೆ?"

"ಯಾಕೆ?" ಎಂದೆ.

"ಎಲ್ಲರ ಜೊತೆ ಬೆರೆಸ್ಬಿಡ್ತಾರಲ್ವಾ? ಅವನಿಗೆ ಜನ ಅಂದ್ರೆ ಇಷ್ಟಾನೇ, ಬಸ್ಸು ತುಂಬಿದ್ರೆ ಖುಷಿ ಪಡ್ತಿದ್ದ. ಅದಕ್ಕಲ್ಲ. ಗುರುವಾರ ನಾನೆಲ್ಲಿಗೆ ಹೋಗ್ಲಿ, ಹೇಳು."

ಆ ಪ್ರಶ್ನೆ ತಮ್ಮ ಖಾತೆಗೆ ಸೇರಿದ್ದು. ಮೂರರಲ್ಲಿ ಯಾವ ಖಾತೆಗೆ ಎಂಬುದನ್ನು ತಾವೇ ತೀರ್ಮಾನಿಸಿ.

ಕಳೆದ ಗುರುವಾರ ನಾನೂ ಜೊತೆಗೆ ಹೋದೆ. ಹೆಪ್ಪುಗಟ್ಟುವ ಚಳಿ, ಮೂರು ಗಜ ಆಚೆ ಏನೂ ಕಾಣದ ಮಂಜು. ಸ್ಮಶಾನದ ಕಾವಲುಗಾರ ನೇವಿಯೊ ಏಣಿಯ ಚಕ್ರಕ್ಕೆ ಕಾಲು ಅಡ್ಡ ಕೊಟ್ಟು ನಿಂತಿದ್ದ. "ಅಜ್ಜಾ, ಇಳೀರಿ ಸಾಕು. ಬಿದ್ರೆ ನಿಮಗೂ ಒಂದು ಗೂಡು ಹುಡುಕ್ಬೇಕಾಗುತ್ತೆ, ಆಮೇಲೆ ನನ್ನ ತಲೆ ತಿಂತಾರೆ" ಎಂದು ಬೈಯುತ್ತಿದ್ದ. ಮೇಲಿನಿಂದ, ಮಂಜಿನೊಳಗಿಂದ, "ನಂಗ್ಯಾಕಪ್ಪಾ ಬೇರೆ ಗೂಡು? ಇದರಲ್ಲೇ ಒಂದು ಬೂದಿ ಡಬ್ಬಿಗೆ ಜಾಗ ಇದೆ" ಎಂಬ ಉತ್ತರ ಬಂತು. ನೇವಿಯೊ ನನ್ನ ಕಡೆ ತಿರುಗಿ ದನಿ ತಗ್ಗಿಸಿದ: "ಇಪ್ಪತ್ತೆಂಟಕ್ಕೆ ಕೀಳೋನು ನಾನೇ ಮೇಡಂ. ನನ್ನ ಕೈಯಲ್ಲಿ ಯಾಕೆ ಮಾಡಿಸ್ತಾರೆ? ಇಡೀ ಗೋಡೇಲಿ ಧೂಳು ಕೂರದ ಕಲ್ಲು ಇದೊಂದೇ."

ನಾನು ಹೆಚ್ಚು ಕೇಳುವುದಿಲ್ಲ. ದರ್ಜೆಗಳ ಪಟ್ಟಿ ತಿದ್ದಲು ಸಮಯ ಬೇಕು, ಗೊತ್ತು. ಅದಕ್ಕಾಗಿ ನಾವು ಇನ್ನೂ ನಲವತ್ತು ವರ್ಷ ತಮ್ಮ ಬಾಗಿಲು ಬಡಿಯುತ್ತೇವೆ, ಅಭ್ಯಾಸವಿದೆ. ಫೆಬ್ರವರಿ ಇಪ್ಪತ್ತೆಂಟರೊಳಗೆ ಆಗಬೇಕಾದದ್ದು ಒಂದೇ: ಆ ಗೂಡಿನ ಅವಧಿಯನ್ನು ಒತ್ತೋರಿನೊ ಬೊಲ್ಜೋನಿ ಅವರ ಹೆಸರಿಗೆ, ಅವರ ಕಾಲಾನಂತರ ಅವರನ್ನೂ ಅಲ್ಲೇ ಸೇರಿಸುವ ಅನುಮತಿಯೊಂದಿಗೆ, ಮುಂದುವರಿಸಿ. ತಮ್ಮ ವಿಶೇಷಾಧಿಕಾರದಲ್ಲಿ ಒಂದು ಸಹಿ ಸಾಕೆಂದು ತಮ್ಮದೇ ನಿಯಮಾವಳಿ ಹೇಳುತ್ತದೆ. ಸಹಿ ಹಾಕುವುದರಲ್ಲಿ ತಾವು ಉದಾರಿಗಳೆಂದು ಈಗಾಗಲೇ ಸಾಬೀತು ಮಾಡಿದ್ದೀರಿ. ಈ ಸಲ ಓದಿ ಹಾಕಿ.

ಕಮಾನಿನ ಕೆಳಗಿನ ಫಲಕ ನಮಗೆ ಬೇಡ. ಸಂಘದ ಸಭೆ ಅದನ್ನು ನಿರಾಕರಿಸಿದೆ; ಈ ಸಲ ಬಹುಮತವಲ್ಲ, ಎಲ್ಲರ ಕೈಯೂ ಮೇಲಿತ್ತು. ಇಪ್ಪತ್ತೊಂದರ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ತಾವು ಪರದೆ ಸರಿಸುವ ಹೊತ್ತಿಗೆ ನಾವು ನೂರಮೂವತ್ತು ಜನ ಪೂರ್ವದ ಗೋಡೆಯ ಕೆಳಗೆ ಇರುತ್ತೇವೆ. ಅಲ್ಲಿ ನಮಗೊಂದು ಕಲ್ಲು ಆಗಲೇ ಇದೆ. ಎರಡು ಅಡಿ ಅಗಲ; ಒಂದು ಹೆಸರು, ಎರಡು ಇಸವಿ, ಬಸ್ ಚಾಲಕನ ಟೋಪಿ ಹಾಕಿ ನಗುತ್ತಿರುವ ಒಂದು ಫೋಟೋ. ಅದರ ಮೇಲೆ ಕೃತಜ್ಞತೆ, ಅಪ್ಪುಗೆ, ಸದಾ ಇತ್ಯಾದಿ ಏನೂ ಬರೆದಿಲ್ಲ. ಅದನ್ನು ಕೀಳಬೇಡಿ. ಅಷ್ಟೇ.

ಇಂತಿ,
ಅಭಿನಂದನೆಗಳಿಗೆ ಹೆದರಬೇಕೆಂದು ನಲವತ್ತೆಂಟನೇ ವಯಸ್ಸಿನಲ್ಲಿ ಕಲಿತ
ಓರ್ನೆಲ್ಲಾ ಗವಾಜ್ಜಿ
ಕಾರ್ಯದರ್ಶಿ, ಅರ್ಧ ಗಂಟೆ ಸಂಘ